ರೇಸಿಂಗ್ ಗೇಮಿನೊಳಗೆ ಸ್ವಂತ ಸಂಗೀತ

ರೇಸಿಂಗ್ ವಿಡಿಯೊ ಗೇಮ್‌ನ ಮೂಲ ಸಂಗೀತವನ್ನು ತೆಗೆದು, ಆ ಜಾಗದಲ್ಲಿ ಆಟಗಾರನು ತಾನು ಮೆಚ್ಚಿದ ಅಥವಾ ತಾನೇ ನುಡಿಸಿದ ಸಂಗೀತವನ್ನು ಕೂರಿಸುವ ಹವ್ಯಾಸವು ಹೊರನೋಟಕ್ಕೆ ಒಂದು ಫೈಲಿನ ಬದಲು ಇನ್ನೊಂದನ್ನು ಇಡುವಷ್ಟೇ ಸಣ್ಣ ಕೆಲಸವಾಗಿ ಕಾಣುತ್ತದೆ. ಕೆಲವು ವರ್ಷ ಅದರಲ್ಲಿ ತೊಡಗಿದವರ ಅನುಭವ ಮಾತ್ರ ಹಾಗಿರುವುದಿಲ್ಲ. ಏಕೆಂದರೆ ಇಂಥ ಆಟವನ್ನು ಆಡುವವನು ಕಣ್ಣಿನಿಂದ ಎಷ್ಟೋ ಕಿವಿಯಿಂದಲೂ ಅಷ್ಟೇ ಕಾರು ಓಡಿಸುತ್ತಾನೆ, ಎಂಜಿನ್ನಿನ ಮೊರೆತದಿಂದ ಗೇರು ಬದಲಿಸುವ ಹೊತ್ತನ್ನೂ ಟೈರಿನ ಕಿರುಚಾಟದಿಂದ ತಿರುವಿನಲ್ಲಿ ಹಿಡಿತ ತಪ್ಪುತ್ತಿರುವುದನ್ನೂ ತಿಳಿಯುತ್ತಾನೆ, ಮತ್ತು ಹೊಸದಾಗಿ ತಂದು ಕೂರಿಸಿದ ಹಾಡು ಈ ಎಲ್ಲ ಸದ್ದುಗಳ ಜೊತೆಗೆ ಒಂದೇ ಜೋಡಿ ಸ್ಪೀಕರಿನೊಳಗೆ ಬಾಳಬೇಕಾಗುತ್ತದೆ.

ಹಾಡನ್ನು ಆರಿಸುವ ಆಸೆಯನ್ನು ಹುಟ್ಟಿಸಿದವರು ಆಟಗಳ ತಯಾರಕರೇ. ಜಪಾನಿನ ಸೆಗಾ ಸಂಸ್ಥೆ 1986ರಲ್ಲಿ ಹೊರತಂದ, ಯು ಸುಜುಕಿ ರೂಪಿಸಿದ ‘ಔಟ್ ರನ್’ ಒಂದು ಆರ್ಕೇಡ್ ಆಟ, ಅಂದರೆ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರದ ಆಟ. ಅದರಲ್ಲಿ ಓಟ ಶುರುವಾಗುವ ಮೊದಲು ಪರದೆಯ ಮೇಲೆ ಕಾರಿನ ರೇಡಿಯೊ ಮೂಡುತ್ತಿತ್ತು, ಹಿರೋಶಿ ಕವಾಗುಚಿ ಸಂಯೋಜಿಸಿದ ಮೂರು ಹಾಡುಗಳಲ್ಲಿ ಒಂದನ್ನು ಆಟಗಾರ ಸ್ಟೇಷನ್ ತಿರುಗಿಸಿದಂತೆ ತಿರುಗಿಸಿ ಆರಿಸಿಕೊಳ್ಳುತ್ತಿದ್ದ. ಆಯ್ಕೆ ಮೂರಕ್ಕೇ ಸೀಮಿತವಾಗಿದ್ದರೂ, ದಾರಿ ಯಾವುದೆಂಬಂತೆ ಹಾಡು ಯಾವುದೆಂಬುದನ್ನೂ ಚಾಲಕನಿಗೆ ಬಿಟ್ಟದ್ದು ಮುಂದಿನ ಎಲ್ಲಕ್ಕೂ ದಾರಿಯಾಯಿತೆನ್ನಬಹುದು.

ಆಟಗಾರನ ಸ್ವಂತ ಹಾಡು ಆಟದೊಳಗೆ ನುಗ್ಗಿದ ಅತ್ಯಂತ ಸೊಗಸಾದ ಪ್ರಸಂಗವೆಂದರೆ 1994ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ಯಂತ್ರದೊಂದಿಗೇ ಜಪಾನಿನ ಮಾರುಕಟ್ಟೆಗೆ ಬಂದ, ನಾಮ್ಕೊ ಸಂಸ್ಥೆಯ ‘ರಿಡ್ಜ್ ರೇಸರ್’ ಆಟದ್ದು. ಆ ಯಂತ್ರದ ಮುಖ್ಯ ಮೆಮೊರಿ ಕೇವಲ 2 ಮೆಗಾಬೈಟ್ ಆಗಿದ್ದರೂ ಆಟವು ಇಡಿಯಾಗಿ ಅದರೊಳಗೆ ಇಳಿದುಬಿಡುತ್ತಿತ್ತು, ಆಮೇಲೆ ಸಿ.ಡಿ.ಯ ಅಗತ್ಯ ಬೀಳುತ್ತಿದ್ದುದು ಸಂಗೀತಕ್ಕೆ ಮಾತ್ರ. ಆ ಸಂಗೀತವನ್ನಾದರೂ ಅಂಗಡಿಯಲ್ಲಿ ಸಿಗುವ ಹಾಡಿನ ಸಿ.ಡಿ.ಗಳ ಕ್ರಮದಲ್ಲೇ, ಸೆಕೆಂಡಿಗೆ 44,100 ಸ್ಯಾಂಪಲ್‌ಗಳಾಗಿ (ಧ್ವನಿಯ ಅಲೆಯನ್ನು ಅಷ್ಟು ಸಲ ಅಳೆದು ಬರೆದಿಟ್ಟ ಅಂಕಿಗಳಾಗಿ) ದಾಖಲಿಸಲಾಗಿತ್ತು. ಹೀಗಾಗಿ ಆಟ ಮೆಮೊರಿಗೆ ಇಳಿದ ಮೇಲೆ ಮುಚ್ಚಳ ತೆಗೆದು, ಆಟದ ಸಿ.ಡಿ.ಯ ಬದಲು ತನ್ನ ಇಷ್ಟದ ಹಾಡಿನ ಸಿ.ಡಿ.ಯನ್ನು ಇಟ್ಟರೆ ಯಂತ್ರ ತಕರಾರಿಲ್ಲದೆ ಅದನ್ನೇ ನುಡಿಸುತ್ತಿತ್ತು. ಆಟ ಕೇಳುತ್ತಿದ್ದುದು ಟ್ರ್ಯಾಕಿನ ಸಂಖ್ಯೆಯನ್ನು ಮಾತ್ರ, ಆ ಸಂಖ್ಯೆಯಡಿ ಏನಿದೆಯೆಂಬುದು ಅದಕ್ಕೆ ತಿಳಿಯುವ ಬಗೆಯೇ ಇರಲಿಲ್ಲ. 2001ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಇದ್ದುದರಿಂದ, ಸಿ.ಡಿ.ಯ ಹಾಡುಗಳನ್ನು ಅದಕ್ಕೆ ಇಳಿಸಿಕೊಂಡು ‘ಪ್ರಾಜೆಕ್ಟ್ ಗೋಥಮ್ ರೇಸಿಂಗ್’ನಂಥ ಆಟಗಳಲ್ಲಿ ಕೇಳುವುದು ಅಧಿಕೃತ ಸೌಲಭ್ಯವೇ ಆಯಿತು. ಸೌಲಭ್ಯವಾದ ಮೇಲೆ ಅದರ ಮೋಜು ತುಸು ಕಡಿಮೆಯಾದದ್ದೂ ನಿಜ.

ಆದರೆ ಸಂಗೀತವನ್ನು ಬರಿದೆ ಹಚ್ಚಿಕೊಳ್ಳುವುದಕ್ಕಿಂತ ಮುಂದೆ ಹೋಗಿ, ಅದನ್ನು ಆಟದ ಅಂಗವಾಗಿಸುವ ವಿದ್ಯೆಯನ್ನು ಕಲಿಯಬಯಸುವವರಿಗೆ ‘ಸೂಪರ್‌ಟಕ್ಸ್‌ಕಾರ್ಟ್’ನಷ್ಟು ತೆರೆದ ಪಾಠಶಾಲೆ ಇನ್ನೊಂದಿಲ್ಲ. ಸ್ಟೀವ್ ಬೇಕರ್ ಆರಂಭಿಸಿದ ‘ಟಕ್ಸ್‌ಕಾರ್ಟ್’ ಎಂಬ ಹಳೆಯ ಆಟದಿಂದ ಕವಲೊಡೆದು ಬೆಳೆದ ಈ ಆಟವು ಮುಕ್ತ ತಂತ್ರಾಂಶವಾಗಿದೆ, ಅಂದರೆ ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇಲ್ಲಿ ಪ್ರತಿ ಓಟದ ದಾರಿಯ ವಿವರದಲ್ಲಿ ಅದರ ಸಂಗೀತದ ಉಲ್ಲೇಖವಿರುತ್ತದೆ. ಆ ಉಲ್ಲೇಖವು ಹಾಡಿನ ಹೆಸರು, ಸಂಯೋಜಕರ ಹೆಸರು, ಧ್ವನಿ ಫೈಲಿನ ಹೆಸರು ಇಷ್ಟನ್ನು ಬರೆದಿಟ್ಟ ಒಂದು ಸಣ್ಣ ಪಠ್ಯ ಫೈಲಿನತ್ತ ಕೈ ತೋರುತ್ತದೆ. ಆ ಪಠ್ಯವನ್ನು ಸಾಮಾನ್ಯ ಎಡಿಟರಿನಲ್ಲೇ ತೆರೆದು ತಿದ್ದಬಹುದು. ಇಷ್ಟೆಲ್ಲ ಏಕೆ, ಆಟದ ಸಂಗೀತವನ್ನು ಆಫ್ ಮಾಡಿ ಪಕ್ಕದಲ್ಲಿ ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಮೊಬೈಲಿನ ಹಾಡಿಗೆ ಓಟ ಶುರುವಾದದ್ದು ತಿಳಿಯದು, ಆಟ ನಿಲ್ಲಿಸಿದರೆ ಅದು ನಿಲ್ಲದು, ಕೊನೆಯ ಸುತ್ತು ಬಂದದ್ದೂ ಅದಕ್ಕೆ ಗೊತ್ತಾಗದು; ಆಟದೊಳಗೆ ಕೂತ ಹಾಡಿಗೆ ಇವೆಲ್ಲ ತಿಳಿಯುತ್ತವೆ.

ಮೊದಲು ಎದುರಾಗುವುದು ಲೂಪಿನ ಪ್ರಶ್ನೆ. ಓಟ ಎಷ್ಟು ಹೊತ್ತು ನಡೆಯುವುದೆಂದು ಮೊದಲೇ ಹೇಳಲಾಗದ ಕಾರಣ ಆಟವು ಹಾಡನ್ನು ಕೊನೆ ಮುಟ್ಟಿದೊಡನೆ ಮತ್ತೆ ಮೊದಲಿನಿಂದ ನುಡಿಸುತ್ತದೆ, ಈ ಪುನರಾವರ್ತನೆಗೇ ಲೂಪ್ ಎಂದು ಹೆಸರು. ಚಿತ್ರಗೀತೆಗಳು ಇಲ್ಲಿ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತವೆ. ತಾಳವಿಲ್ಲದ ಕೊಳಲಿನದೋ ಪಿಟೀಲಿನದೋ ದೀರ್ಘ ಮುನ್ನುಡಿ, ಪಲ್ಲವಿ, ನಡುವೆ ವಾದ್ಯಗಳಷ್ಟೇ ನುಡಿಯುವ ಭಾಗ, ಚರಣ, ಮತ್ತೆ ಪಲ್ಲವಿಗೆ ಬಂದು ಮೆಲ್ಲನೆ ಕರಗುವ ಕೊನೆ ಎಂಬ ಅವುಗಳ ಸೊಗಸಾದ ಕಟ್ಟಡವು ಕುಳಿತು ಕೇಳುವವನಿಗಾಗಿ ಕಟ್ಟಿದ್ದು. ಎದುರಾಳಿಯನ್ನು ಹಿಂದಿಕ್ಕುವ ಕ್ಷಣದಲ್ಲಿ ಹಾಡು ಕರಗಿ, ಮರುಕ್ಷಣ ಕೊಳಲಿನ ಆಲಾಪ ತೊಡಗಿದರೆ ಆಟದ ಬಿಸಿ ಆರಿಹೋಗುತ್ತದೆ. ಆದ್ದರಿಂದ ಲೂಪಿಗೆ ತಾಳವುಳ್ಳ ಭಾಗವನ್ನಷ್ಟೇ ಕತ್ತರಿಸಿಕೊಂಡು, ಆವರ್ತನ (ತಾಳದ ಒಂದು ಪೂರ್ಣ ಸುತ್ತು) ಪೂರ್ತಿಯಾಗುವಲ್ಲಿ ಗಂಟು ಹಾಕಬೇಕಾಗುತ್ತದೆ. ನಿಮಿಷಕ್ಕೆ 120 ಎಣಿಕೆಗಳ ನಡೆಯಲ್ಲಿ ಎಂಟು ಎಣಿಕೆಗಳ ಆದಿತಾಳದ ಒಂದು ಆವರ್ತನಕ್ಕೆ 4 ಸೆಕೆಂಡು ಹಿಡಿಯುವುದರಿಂದ 16 ಆವರ್ತನಗಳಿಗೆ ಸರಿಯಾಗಿ 64 ಸೆಕೆಂಡು, ಅಂದರೆ ಸಿ.ಡಿ.ಯ ಲೆಕ್ಕದಲ್ಲಿ 28,22,400 ಸ್ಯಾಂಪಲ್‌ಗಳಾಗುತ್ತವೆ. ಕತ್ತರಿ ಬೀಳಬೇಕಾದದ್ದು ಅಲ್ಲೇ. ಧ್ವನಿ ಸಂಪಾದನೆಯ ತಂತ್ರಾಂಶಗಳು ಎಲ್ಲವನ್ನೂ ನಾಲ್ಕರ ಗುಣಿತದಲ್ಲಿ ಎಣಿಸುವ ಅಭ್ಯಾಸದವಾದ್ದರಿಂದ, ಏಳರ ಎಣಿಕೆಯ ಮಿಶ್ರಛಾಪಿನ ರಚನೆಯನ್ನು ಅವು ತೋರಿದ 32ನೆಯ ಗೆರೆಯಲ್ಲಿ ಕತ್ತರಿಸಿದರೆ ನಾಲ್ಕು ಆವರ್ತನಗಳ ಮೇಲೆ ನಾಲ್ಕು ಎಣಿಕೆ ಅನಾಥವಾಗಿ ಉಳಿಯುತ್ತವೆ.

ಫೈಲಿನ ಬಗೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎಂ.ಪಿ.3 ರೂಪಕ್ಕೆ ಪರಿವರ್ತಿಸುವಾಗ ಹಾಡಿನ ಹಿಂದೆ ಮುಂದೆ ಕೂದಲೆಳೆಯಷ್ಟು ಮೌನ ಸೇರಿಕೊಳ್ಳುವುದರಿಂದ ಲೂಪಿನ ಗಂಟಿನಲ್ಲಿ ತಾಳ ಎಡವುತ್ತದೆ. ಸೂಪರ್‌ಟಕ್ಸ್‌ಕಾರ್ಟ್ ಬಳಸುವ ಆಗ್ ವೋರ್ಬಿಸ್ ರೂಪದಲ್ಲಿ ಉದ್ದವು ಸ್ಯಾಂಪಲಿನ ಲೆಕ್ಕದಲ್ಲೇ ದಾಖಲಾಗುವ ಕಾರಣ ಆ ತೊಂದರೆಯಿಲ್ಲ.

ಕೊನೆಯ ಸುತ್ತಿನಲ್ಲಿ ಸಂಗೀತದ ವೇಗ ಏರುವುದು ಕಾರ್ಟ್ ಆಟಗಳ, ಅಂದರೆ ಪುಟ್ಟ ಗಾಡಿಗಳ ಓಟದ ಆಟಗಳ, ಸಂಪ್ರದಾಯ. ಇದಕ್ಕಾಗಿ ಬೇರೊಂದು ವೇಗದ ಫೈಲನ್ನು ಕೊಡಬಹುದು. ಇರುವ ಫೈಲನ್ನೇ ವೇಗವಾಗಿ ಓಡಿಸಲೂಬಹುದು. ಎರಡನೆಯ ದಾರಿ ಸುಲಭವಾದರೂ ಟೇಪ್ ರೆಕಾರ್ಡರನ್ನು ಜೋರಾಗಿ ಓಡಿಸಿದಾಗ ಆಗುವಂತೆಯೇ ಅದರಲ್ಲಿ ಶ್ರುತಿಯೂ ಏರುತ್ತದೆ, ಶೇಕಡಾ 10ರಷ್ಟು ವೇಗ ಹೆಚ್ಚಿಸಿದರೆ ಒಂದೂವರೆ ಸ್ವರಸ್ಥಾನಕ್ಕಿಂತ ತುಸು ಮೇಲಕ್ಕೆ ಹೋಗಿ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಸಂಗೀತಕ್ಕೆ ಇದು ಕಳೆಯನ್ನೇ ಕೊಡುತ್ತದೆ, ತಂಬೂರಿಯ ಆಧಾರದ ಮೇಲೆ ನಿಂತ ಸಂಗೀತದಲ್ಲಿ ಮಾತ್ರ ಆಧಾರಷಡ್ಜವೇ ಕೈಯಡಿಯಿಂದ ಜಾರಿದಂತಾಗಿ ಕೇಳುಗನ ಮುಖ ಕಿವುಚಿಕೊಳ್ಳುತ್ತದೆ. ಪ್ರಸ್ತುತ ಲೇಖಕನ ಪ್ರಯೋಗಗಳಲ್ಲಿ ಹೆಚ್ಚು ಫಲ ಕೊಟ್ಟ ಉಪಾಯವು ಕರ್ನಾಟಕ ಸಂಗೀತದ ಮೊದಲ ಪಾಠಗಳಲ್ಲೇ ಇದೆ: ಸರಳೆ ವರಸೆಯನ್ನು ಒಂದನೆಯ ಕಾಲದಲ್ಲಿ ಹಾಡಿದ ಮೇಲೆ ಎರಡನೆಯ ಕಾಲದಲ್ಲಿ ಹಾಡುವಾಗ ತಾಳದ ನಡೆ ಹಾಗೆಯೇ ಉಳಿದು ಸ್ವರಗಳಷ್ಟೇ ಇಮ್ಮಡಿ ದಟ್ಟವಾಗುವಂತೆ, ಕೊನೆಯ ಸುತ್ತಿನ ಫೈಲಿನಲ್ಲಿ ಅದೇ ಶ್ರುತಿ, ಅದೇ ನಡೆಯಿಟ್ಟು ನುಡಿಸಾಣಿಕೆಯನ್ನು ಇಮ್ಮಡಿಸಿದರೆ, ಕೈ ತಾನಾಗಿಯೇ ಚುರುಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ದುಡಿಮೆ ಬೇಡುವುದು ಒಂದು ಸದ್ದು ಇನ್ನೊಂದನ್ನು ಮುಚ್ಚಿಹಾಕುವ ಸಮಸ್ಯೆ. ಧ್ವನಿಶಾಸ್ತ್ರದ ಪ್ರಕಾರ ಹತ್ತಿರ ಹತ್ತಿರದ ಕಂಪನಸಂಖ್ಯೆಗಳಲ್ಲಿ ಜೋರಾದದ್ದು ಮೆಲುವಾದದ್ದನ್ನು ಕಿವಿಗೆ ಕೇಳದಂತೆ ಮಾಡುತ್ತದೆ, ಅದರಲ್ಲೂ ಕೆಳಗಿನ ಸ್ಥಾಯಿಯ ಸದ್ದು ತನಗಿಂತ ಮೇಲಿನದನ್ನು ನುಂಗುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ನುಂಗಲಾರದು. ನಾಲ್ಕು ಸಿಲಿಂಡರುಗಳ, ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಸಲ ಇಂಧನ ಉರಿಯುತ್ತದೆ, 3,000 ಸುತ್ತಿನಲ್ಲಿ 100 ಸಲ. ನಿಜವಾದ ಕಾರನ್ನು ಅನುಕರಿಸುವ ಆಟಗಳಲ್ಲಿ ಗೇರು ಬದಲಿಸುವ ಸುಳಿವು ಇರುವುದು ಈ 100ರಿಂದ 200 ಹರ್ಟ್ಜ್‌ಗಳ ಏರಿಳಿತದಲ್ಲೇ (ಸೆಕೆಂಡಿಗೆ ಒಂದು ಕಂಪನಕ್ಕೆ ಒಂದು ಹರ್ಟ್ಜ್), ಮತ್ತು ಬೇಸ್ ಗಿಟಾರು, ಮೃದಂಗದ ಎಡಗೈಯ ತೊಪ್ಪಿ, ಡೊಳ್ಳು ಎಲ್ಲವೂ ಠಿಕಾಣಿ ಹೂಡಿರುವುದೂ ಅದೇ ಕೇರಿಯಲ್ಲಿ. ಡೊಳ್ಳು ಕುಣಿತದ ಧ್ವನಿಮುದ್ರಣವನ್ನು ಹಾಕಿದರೆ ಮೈ ಜುಮ್ಮೆನ್ನುವುದು ನಿಜ, ಆದರೆ ಎಂಜಿನ್ನು ಮೂಕವಾಗುತ್ತದೆ. ಯಕ್ಷಗಾನದ ಚೆಂಡೆಯ ತೊಂದರೆ ಬೇರೆ ಬಗೆಯದು. ಅದರ ಚೂಪಾದ ಪೆಟ್ಟುಗಳು ಟೈರಿನ ಕಿರುಚಾಟದೊಂದಿಗೆ ಜಗಳಕ್ಕಿಳಿದು, ಕಾರು ಜಾರಿತೋ ಭಾಗವತರು ಪದ ಎತ್ತುವ ಹೊತ್ತಾಯಿತೋ ತಿಳಿಯದಂತಾಗುತ್ತದೆ. ಈಕ್ವಲೈಜರ್ ಎಂಬ ಸಾಧನದಿಂದ (ಧ್ವನಿಯ ಬೇರೆ ಬೇರೆ ಸ್ಥಾಯಿಗಳನ್ನು ಬಿಡಿಬಿಡಿಯಾಗಿ ತಗ್ಗಿಸುವ, ಏರಿಸುವ ಉಪಕರಣವಿದು) ಸಂಗೀತದ 100ರಿಂದ 250 ಹರ್ಟ್ಜ್‌ವರೆಗಿನ ಭಾಗವನ್ನು ಕೆಲವು ಡೆಸಿಬೆಲ್ ಇಳಿಸಿದರೆ ಎಂಜಿನ್ನಿಗೆ ಉಸಿರಾಡಲು ಜಾಗ ಸಿಗುತ್ತದೆ. ವಾದ್ಯಗಳ ಆಯ್ಕೆಯಲ್ಲೇ ಎಚ್ಚರ ವಹಿಸಿದರೆ ಇನ್ನೂ ಒಳ್ಳೆಯದು. ಘಟ, ಮೋರ್ಚಿಂಗ್, ಮ್ಯಾಂಡೊಲಿನ್ ಮೂರೂ ನಡುವಿನ ಸ್ಥಾಯಿಯಲ್ಲಿ ಗಿಡ್ಡ ಗಿಡ್ಡ ನಾದಗಳನ್ನು ಬಿಟ್ಟು ಸರಿದುಬಿಡುವುದರಿಂದ ರೇಸಿಂಗ್ ಗೇಮಿಗೆ ಹೇಳಿ ಮಾಡಿಸಿದಂತಿವೆ. ಹೊಂದಾಣಿಕೆ ಸರಿಯಾಗಿದೆಯೇ ಎಂಬುದನ್ನು ಇನ್ನೊಬ್ಬರಿಗೆ ಆಟ ಕೊಟ್ಟು, ಪರದೆಗೆ ಬೆನ್ನು ಹಾಕಿ ಕುಳಿತು ಪರೀಕ್ಷಿಸಬಹುದು. ಕಾರು ಜಾರಿದ್ದು, ಗೇರು ಬಿದ್ದದ್ದು ಕಿವಿಯೊಂದರಿಂದಲೇ ತಿಳಿದರೆ ಸಂಗೀತ ತನ್ನ ಜಾಗದಲ್ಲಿದೆ ಎಂದರ್ಥ.

ಸಾಹಿತ್ಯವುಳ್ಳ ಹಾಡಿನ ವಿಷಯದಲ್ಲಿ ಲೇಖಕನ ನಿಲುವು ಖಡಾಖಂಡಿತವಾದದ್ದು: ಕೇಳುಗನಿಗೆ ಅರ್ಥವಾಗುವ ಭಾಷೆಯ ಹಾಡು ಬೇಡ. ಜಪಾನಿ ಹಾಡಿನ ಮಾತುಗಳು ಕನ್ನಡಿಗನಿಗೆ ಇನ್ನೊಂದು ವಾದ್ಯದಂತೆ ಕಿವಿಯ ಮೇಲೆ ಹಾದುಹೋಗುತ್ತವೆ. ಕನ್ನಡದ ಹಾಡಾದರೆ ಮನಸ್ಸು ಕೇಳದೆಯೇ ಚರಣದ ಮುಂದಿನ ಸಾಲಿಗೆ ಓಡಿ, ಬ್ರೇಕು ಒತ್ತುವುದು ತಡವಾಗುತ್ತದೆ. ಹಾಡುಗಳ ಏರುದನಿ ಇಳಿದನಿಗಳನ್ನು ಒಂದು ಮಟ್ಟಕ್ಕೆ ತರುವ ಕೆಲಸ, ಅಂದರೆ ಈಚಿನ ಚಿತ್ರಗೀತೆಗಳ ಅಬ್ಬರವನ್ನು ಆಟದ ಉಳಿದ ಸಂಗೀತದ ಮಟ್ಟಕ್ಕೆ ತಗ್ಗಿಸುವುದು, ಬೇಸರದ್ದಾದರೂ ಉಚಿತ ತಂತ್ರಾಂಶಗಳಿಂದ ಬೇಗ ಮುಗಿಯುತ್ತದೆ.

ಇನ್ನುಳಿದದ್ದು ಹಕ್ಕಿನ ಮಾತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯು ಖಾಸಗಿ ಬಳಕೆಗಾಗಿ ಮಾಡುವ ನ್ಯಾಯೋಚಿತ ಉಪಯೋಗಕ್ಕೆ ವಿನಾಯಿತಿ ಕೊಡುವುದರಿಂದ, ಕೊಂಡ ಹಾಡನ್ನು ತನ್ನ ಮನೆಯ ಕಂಪ್ಯೂಟರಿನ ಆಟದಲ್ಲಿ ಕೇಳುವವನಿಗೂ ಅದೇ ಹಾಡನ್ನು ಆಟದೊಳಗಿಟ್ಟು ಇತರರಿಗೆ ಹಂಚುವವನಿಗೂ ಕಾನೂನಿನ ಕಣ್ಣಲ್ಲಿ ಬಹಳ ಅಂತರವಿದೆ. ಹಳೆಯ ರಚನೆಯೆಂದ ಮಾತ್ರಕ್ಕೆ ಈ ಅಂತರ ಅಳಿಯುವುದಿಲ್ಲ. ಹದಿನಾರನೆಯ ಶತಮಾನದ ಪುರಂದರದಾಸರ ರಚನೆಗಳ ಮೇಲೆ ಯಾರ ಸ್ವಾಮ್ಯವೂ ಇಲ್ಲವಾದರೂ, ಅವುಗಳನ್ನು ಹಾಡಿ ಹೊರತಂದ ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷಗಳ ಪ್ರತ್ಯೇಕ ಹಕ್ಕು ಇರುತ್ತದೆ. ಹಂಚುವ ಇರಾದೆಯುಳ್ಳವರು ದಾಸರ ಪದವನ್ನು ತಾವೇ ನುಡಿಸಿ ಧ್ವನಿಮುದ್ರಿಸಿಕೊಂಡು, ಮುಕ್ತ ಪರವಾನಗಿಯೊಂದರಡಿ ಬಿಡುಗಡೆ ಮಾಡುವುದು ನೇರವಾದ ದಾರಿ. ಸೂಪರ್‌ಟಕ್ಸ್‌ಕಾರ್ಟ್‌ನಲ್ಲಿ ಓಟ ಶುರುವಾಗುವಾಗ ಹಾಡಿನ ಹೆಸರಿನೊಡನೆ ಸಂಯೋಜಕರ ಹೆಸರೂ ಪರದೆಯ ಮೇಲೆ ಮೂಡುವುದರಿಂದ ಆ ಜಾಗಕ್ಕೆ ಪುರಂದರದಾಸರ ಹೆಸರೇ ಸಲ್ಲಬೇಕು. ಘಟ, ಮ್ಯಾಂಡೊಲಿನ್ ನುಡಿಸಿದವರ ಹೆಸರುಗಳನ್ನು ಪರವಾನಗಿಯ ಪಠ್ಯದಲ್ಲಿ ಸೇರಿಸಿ ಹಾಡಿನ ಜೊತೆಗೇ ಕಳುಹಿಸಬಹುದು.