ಬಚ್ಚಲುಮನೆಯ ಬಾಯ್ಲರು

ಬಿಸಿನೀರಿನ ಸ್ನಾನ ನಮ್ಮ ನಾಡಿನ ಹಳೆಯ ರೂಢಿ. ಬಚ್ಚಲೊಲೆಯ ಮೇಲೆ ಕುಳಿತ ತಾಮ್ರದ ಹಂಡೆ ಮನೆಮಂದಿಗೆಲ್ಲ ನೀರು ಕಾಯಿಸಿ ಕೊಡುತ್ತಿತ್ತು. ನಡುವೆ ಬೆಂಕಿಯ ಕೊಳವೆಯೂ ಅದರ ಸುತ್ತ ನೀರೂ ಇರುವ ತಾಮ್ರದ ಬಾಯ್ಲರು ಅನಂತರ ಬಂದಿತು. ಇಂದು ಅನೇಕ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ವಿದ್ಯುತ್ ಬಾಯ್ಲರನ್ನು ಕಾಣುತ್ತೇವೆ. ಜನ ಅದನ್ನು ಗೀಸರ್ ಎಂದು ಕರೆಯುತ್ತಾರೆ. ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯೊಂದರಿಂದ ಬಂದ ಹೆಸರದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಘನ್ ಎಂಬಾತನು ಅನಿಲದ ಉರಿಯಿಂದ ನೀರು ಕಾಯಿಸುವ ಉಪಕರಣವನ್ನು ರಚಿಸಿ ಅದಕ್ಕೆ ಈ ಹೆಸರಿಟ್ಟನು. ಆದರೆ ಆ ಉಪಕರಣಕ್ಕೆ ಹೊಗೆಕೊಳವೆ ಇರಲಿಲ್ಲ. ಆ ಕೊರತೆ ಎಂತಹುದೆಂಬುದನ್ನು ಮುಂದೆ ನೋಡೋಣ.

ಹಂಡೆ ತೆರೆದ ಪಾತ್ರೆ. ಅದರ ದೋಷ ಕಣ್ಣಿಗೆ ಕಾಣುತ್ತಿತ್ತು. ಗೀಸರ್ ಮುಚ್ಚಿದ ಪಾತ್ರೆ. ನೀರು, ವಿದ್ಯುತ್ತು, ಒತ್ತಡ ಈ ಮೂರೂ ಅದರೊಳಗೆ ಒಟ್ಟಿಗೆ ವಾಸಿಸುತ್ತವೆ. ಆದುದರಿಂದ ಲಕ್ಷಣವನ್ನು ನೋಡಿ ಕಾರಣವನ್ನು ಊಹಿಸಬೇಕು. ನಾವು ಕೈಹಾಕಬಹುದಾದುದು ಯಾವುದು, ಕೈಹಾಕಬಾರದುದು ಯಾವುದು ಎಂಬ ವಿವೇಕವೂ ಬೇಕು.

ನೀರು ಬಿಸಿಯೇ ಆಗದಿದ್ದರೆ ಮೊದಲು ಮನೆಯಲ್ಲಿ ವಿದ್ಯುತ್ತು ಇದೆಯೇ, ಫ್ಯೂಸು ಹೋಗಿದೆಯೇ ಎಂದು ನೋಡಬೇಕು. ಇವು ಸರಿಯಿದ್ದರೆ ನೀರಿನಲ್ಲಿ ಮುಳುಗಿರುವ ಕಾಯಿಲ್ ಸುಟ್ಟಿರಬಹುದು. ಇಲ್ಲವೆ ಉಷ್ಣತೆಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೆಟ್ಟಿರಬಹುದು. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ದಪ್ಪ ತಂತಿ ಕಟ್ಟಿ ಕೆಲಸ ಸಾಗಿಸಬಾರದು. ಫ್ಯೂಸು ಕಾವಲುಗಾರ, ಅವನು ಕೂಗುವಾಗ ಬಾಯಿ ಕಟ್ಟುವುದು ತರವಲ್ಲ.

ನೀರು ತಡವಾಗಿ ಕಾಯುತ್ತಿದ್ದರೆ ಲೆಕ್ಕ ಹಾಕಿ ನೋಡಿ. 2000 ವಾಟ್ ಕಾಯಿಲ್ ಉಳ್ಳ ಬಾಯ್ಲರಿನಲ್ಲಿ 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಲು ಸುಮಾರು 35 ನಿಮಿಷ ಬೇಕು. 230 ವೋಲ್ಟ್ ಇರಬೇಕಾದಲ್ಲಿ 180 ವೋಲ್ಟ್ ಮಾತ್ರ ಬಂದರೆ ಶಾಖ ಸುಮಾರು ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಅದೇ ನೀರಿಗೆ ಒಂದು ಗಂಟೆಯಷ್ಟು ಹೊತ್ತು ಹಿಡಿಯುತ್ತದೆ. ಆಗ ದೋಷವಿರುವುದು ಬಾಯ್ಲರಿನಲ್ಲಿ ಅಲ್ಲ.

ಒಳಗಿನಿಂದ ಪಟಪಟನೆ ಸದ್ದು ಬರುವುದು ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಸಾಮಾನ್ಯ. ಈ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಲವಣಗಳು ಕಾದಾಗ ಸುಣ್ಣದ ಕಲ್ಲಿನಂತೆ ಕಾಯಿಲಿನ ಮೇಲೆ ಹೆಪ್ಪುಗಟ್ಟುತ್ತವೆ. ಆ ಪದರದಡಿ ಸಿಕ್ಕಿಕೊಂಡ ನೀರು ಕುದಿದು ಸಿಡಿಯುವುದೇ ಆ ಸದ್ದು. ಕಾಯಿಲಿನ ಶಾಖ ನೀರಿಗೆ ಸುಲಭವಾಗಿ ಹರಿಯದೆ ಕಾಯಿಲೇ ಮಿತಿಮೀರಿ ಕಾದು ಒಂದು ದಿನ ಸುಟ್ಟುಹೋಗುತ್ತದೆ. ಪದರವನ್ನು ಕಾಲಕಾಲಕ್ಕೆ ತೆಗೆಸುವುದೇ ಇದಕ್ಕೆ ಪರಿಹಾರ.

ಬಾಯ್ಲರಿನ ಸುರಕ್ಷಾ ಕವಾಟದಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಕಾದ ನೀರು ಹಿಗ್ಗುತ್ತದೆಯಷ್ಟೆ. 25 ಲೀಟರ್ ನೀರು 65 ಡಿಗ್ರಿಗೆ ಕಾಯುವಷ್ಟರಲ್ಲಿ ಅರ್ಧ ಲೀಟರಿಗೆ ಸಮೀಪ ಹೆಚ್ಚುತ್ತದೆ. ಕಾಯುವಾಗ ನಾಲ್ಕು ಹನಿ ಬೀಳುವುದು ಕವಾಟವು ಕೆಲಸ ಮಾಡುತ್ತಿರುವುದಕ್ಕೆ ಗುರುತು. ತಣ್ಣಗಿರುವಾಗಲೂ ಸುರಿಯುತ್ತಿದ್ದರೆ ಕವಾಟವನ್ನು ಬದಲಿಸಬೇಕು. ಅದರ ಬಾಯಿಗೆ ಬಿರಡೆ ಬಡಿದರೆ ಒತ್ತಡಕ್ಕೆ ದಾರಿಯಿಲ್ಲದೆ ಪಾತ್ರೆಯೇ ಸಿಡಿಯಬಹುದು.

ನಲ್ಲಿಯನ್ನು ಮುಟ್ಟಿದಾಗ ಜುಮ್ಮೆಂದರೆ ಅದನ್ನು ಅಲಕ್ಷಿಸಬಾರದು. ಒಡನೆಯೇ ಕೈತೆಗೆದು ಹೊರಬಂದು, ಒಣಗಿದ ಕೈಯಿಂದ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಕಾಯಿಲಿನ ಕವಚ ಬಿರಿದು ವಿದ್ಯುತ್ತು ನೀರಿಗೆ ಸೋರಿರಬಹುದು. ನೆಲಸಂಪರ್ಕದ ತಂತಿ ಸರಿಯಿದ್ದರೆ ಸೋರಿದ ವಿದ್ಯುತ್ತು ಭೂಮಿಗೆ ಹರಿಯುತ್ತದೆ. ಆ ತಂತಿ ಕಡಿದಿದ್ದರೆ ಮುಟ್ಟಿದವನ ಮೈಯೇ ತಂತಿಯಾಗುತ್ತದೆ. ಇಲ್ಲಿ ನಮ್ಮ ಕೆಲಸ ಸ್ವಿಚ್ಚಿಗೆ ಮುಗಿಯಿತು; ಮುಂದಿನದು ಬಲ್ಲ ಎಲೆಕ್ಟ್ರಿಷಿಯನ್ನನ ಕೆಲಸ.

ಎಲ್ಲಕ್ಕಿಂತ ಮೋಸಕರವಾದುದು ಗ್ಯಾಸ್ ಗೀಸರಿನ ದೋಷ. ಮುಚ್ಚಿದ ಬಚ್ಚಲಿನಲ್ಲಿ ಉರಿ ಗಾಳಿಯ ಆಮ್ಲಜನಕವನ್ನು ತಿನ್ನುತ್ತದೆ. ಅದು ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಆಮೇಲೆ ಮೂರ್ಛೆ. ಸ್ನಾನಕ್ಕೆ ಹೋದವರು ಹೊರಬಾರದೇ ಉಳಿದ ದುರಂತಗಳು ಹೀಗೆಯೇ ನಡೆದಿವೆ. ನೀಲಿಯಾಗಿರಬೇಕಾದ ಉರಿ ಹಳದಿಯಾಗಿ ಮಸಿ ಹಿಡಿಯುತ್ತಿದ್ದರೆ ಅದು ಎಚ್ಚರಿಕೆ. ಉರಿ ನೀಲಿಯಿದ್ದರೂ ಮುಚ್ಚಿದ ಕೋಣೆ ಸುರಕ್ಷಿತವಲ್ಲ. ಈ ಉಪಕರಣವನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇಡಬೇಕು.

ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಅಂದು ಹಂಡೆಯ ಕರಿ ಕಳೆದು, ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಹೊಸ ನೀರು ತುಂಬುತ್ತಾರೆ. ತೂತಿದ್ದರೆ, ನಗ್ಗಿದ್ದರೆ ಅಂದು ಕಾಣದೆ ಹೋಗದು. ವರ್ಷಕ್ಕೊಮ್ಮೆ ಪಾತ್ರೆಯ ಯೋಗಕ್ಷೇಮ ವಿಚಾರಿಸುವ ಈ ಪದ್ಧತಿ ಗೀಸರಿಗೂ ಸಲ್ಲುತ್ತದೆ. ಹಬ್ಬಕ್ಕೆ ಮುಂಚೆ ಬಲ್ಲವರಿಂದ ಕಾಯಿಲು, ಕವಾಟ, ನೆಲಸಂಪರ್ಕಗಳನ್ನು ಪರೀಕ್ಷಿಸಿದ ಮನೆಯಲ್ಲಿ ಅಭ್ಯಂಜನದ ನೀರು ನಿಶ್ಚಿಂತೆಯಿಂದ ಕಾಯುತ್ತದೆ.

ಪದಗಳ ಅರ್ಥ
ಗಡಸು ನೀರು – ಲವಣಗಳು ಹೆಚ್ಚಾಗಿ ಕರಗಿರುವ ನೀರು
ಬಿರಡೆ – ಬಾಯಿ ಮುಚ್ಚುವ ಬೆಣೆ
ಅಭ್ಯಂಜನ – ಎಣ್ಣೆ ಹಚ್ಚಿಕೊಂಡು ಮಾಡುವ ಸ್ನಾನ

ಪ್ರಶ್ನೆಗಳು
1. ಸುರಕ್ಷಾ ಕವಾಟದ ಬಾಯಿಯನ್ನು ಏಕೆ ಮುಚ್ಚಬಾರದು?
2. ಗಡಸು ನೀರಿನಿಂದ ಕಾಯಿಲಿಗೆ ಆಗುವ ಹಾನಿಯನ್ನು ವಿವರಿಸಿ.
3. ‘ಫ್ಯೂಸು ಕಾವಲುಗಾರ’ ಎಂಬ ಮಾತಿನ ಸ್ವಾರಸ್ಯವೇನು?
4. ನಿಮ್ಮ ಮನೆಯಲ್ಲಿ ನೀರು ಕಾಯಿಸುವ ಬಗೆಯನ್ನೂ ಅಲ್ಲಿ ವಹಿಸಬೇಕಾದ ಎಚ್ಚರವನ್ನೂ ಕುರಿತು ಹತ್ತು ವಾಕ್ಯ ಬರೆಯಿರಿ.