ಇಳಿಜಾರಿಗೆ ನಾಲ್ಕು ಚಕ್ರದ ಬೈಕು: ಕೊಳ್ಳುವ ಮುಂಚೆ ಹೊಲ ಅಳೆಯಿರಿ

ಕ್ವಾಡ್ ಬೈಕು ಅಂದರೆ ನಮ್ಮ ಕಡೆ ರೆಸಾರ್ಟಿನ ಆಟದ ಗಾಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಅದು ಒಕ್ಕಲುತನದ ಗಾಡಿ. ಕುರಿ, ದನ ಅಟ್ಟಿಕೊಂಡು ಬರಲು, ಬೇಲಿ ನೋಡಿ ಬರಲು, ಕಳೆಗೆ ಔಷಧಿ ಹೊಡೆಯಲು ಅದೇ ಬೇಕು. ನಮ್ಮಲ್ಲೂ ಗುಡ್ಡದ ಮಗ್ಗುಲಲ್ಲಿ ಹೊಲ ಇರುವವರು "ಟ್ರ್ಯಾಕ್ಟರ್ ಏರದ ಕಡೆ ಅದು ಏರ್ತದಂತೆ" ಅಂತ ವಿಚಾರಿಸುವುದುಂಟು. ನನ್ನ ಮನೆಯಲ್ಲಿ ಈ ಗಾಡಿ ಇಲ್ಲ. ಇಟ್ಟುಕೊಂಡವರ ಅನುಭವ, ಅಲ್ಲಿನ ಸರಕಾರದ ನಿಯಮ ತಿಳಿದುಕೊಂಡು ನಮ್ಮ ಹೊಲದ ಲೆಕ್ಕಕ್ಕೆ ಇಳಿಸಿದ್ದೇನೆ.

ಅನುಕೂಲ ಏನು?

ಗಾಡಿ ಹಗುರ, ಟೈರು ಅಗಲ. ಟೈರಿನ ಗಾಳಿ ಬಹಳ ಕಡಿಮೆ, ಕಾರಿಗೆ ಹಾಕುವುದರ ಕಾಲು ಭಾಗಕ್ಕಿಂತಲೂ ಕೆಳಗೆ. ಆದ್ದರಿಂದ ಹಸಿ ನೆಲದಲ್ಲಿ ಹೂತುಕೊಳ್ಳುವುದು ಕಡಿಮೆ, ಮಣ್ಣು ಗಟ್ಟಿಯಾಗುವುದೂ ಕಡಿಮೆ. ಹಿಂದೆ ಮುಂದೆ ಸಾಮಾನು ಇಡಲು ಕಬ್ಬಿಣದ ಚೌಕಟ್ಟು ಇರುತ್ತದೆ. ಸಣ್ಣ ಟ್ರೇಲರ್ ಎಳೆಯುತ್ತದೆ. ಆದರೆ ನೇಗಿಲು ಹೊಡೆಯುವ ಗಾಡಿ ಇದಲ್ಲ, ಓಡಾಟಕ್ಕೆ ಮತ್ತು ಹೊರೆಗೆ ಅಷ್ಟೇ.

ಮೊದಲು ಬಂದದ್ದು ಮೂರು ಚಕ್ರದ್ದು, 1970ರಲ್ಲಿ. ಅದು ಬಹಳ ಮಗುಚುತ್ತಿತ್ತು. 1980ರ ದಶಕದ ಆರಂಭದಲ್ಲಿ ನಾಲ್ಕು ಚಕ್ರದ್ದು ಬಂತು. 1988ರಲ್ಲಿ ಅಮೆರಿಕದಲ್ಲಿ ಮೂರು ಚಕ್ರದ ಗಾಡಿ ಮಾರುವುದನ್ನು ನಿಲ್ಲಿಸಿದರು. ನಾಲ್ಕು ಚಕ್ರ ಬಂದ ಮೇಲೂ ಮಗುಚುವುದು ನಿಲ್ಲಲಿಲ್ಲ.

ಯಾಕೆ ಮಗುಚುತ್ತದೆ?

ಮೊದಲ ಕಾರಣ, ಗಾಡಿಯ ಅಗಲ ಕಡಿಮೆ, ಸವಾರ ಕೂರುವುದು ಎತ್ತರದಲ್ಲಿ. ಸವಾರ ಮೈ ವಾಲಿಸಿಯೇ ಗಾಡಿಯ ತೂಕ ಸರಿ ಮಾಡಬೇಕು. ಸೀಟು ಉದ್ದ ಇರುವುದು ಇದಕ್ಕೇ. ಹಿಂದೆ ಇನ್ನೊಬ್ಬರನ್ನು ಕೂರಿಸಿದರೆ ಸವಾರ ಸರಿಯಲು ಜಾಗವೇ ಇಲ್ಲ.

ಎರಡನೆಯದು ಹೊರೆ. ಔಷಧಿ ಟ್ಯಾಂಕಿನಲ್ಲಿ 50 ಲೀಟರ್ ನೀರು ಅಂದರೆ 50 ಕಿಲೋ, ಅದೂ ಚಕ್ರದ ಮೇಲ್ಭಾಗದಲ್ಲಿ. ಟ್ಯಾಂಕು ಅರ್ಧ ಖಾಲಿಯಾದಾಗ ತೂಕ ಇಳಿಯಿತು ಅಂದುಕೊಳ್ಳಬೇಡಿ. ಆಗ ನೀರು ಕುಲುಕಾಡಿ ಇಳಿಜಾರಿನ ಕಡೆಗೇ ಓಡುತ್ತದೆ.

ಮೂರನೆಯದು, ಗಾಡಿ ಮೇಲೆ ಬಿದ್ದರೆ ಎದೆ ಅದುಮಿ ಉಸಿರು ನಿಲ್ಲುತ್ತದೆ. ಬಹಳ ವೇಗ ಇರಬೇಕೆಂದಿಲ್ಲ. ಒಂಟಿಯಾಗಿ ದೂರದ ಹೊಲದಲ್ಲಿದ್ದವನನ್ನು ಎತ್ತುವವರು ಯಾರು?

ಆಸ್ಟ್ರೇಲಿಯಾದ ನಿಯಮ

ಅಲ್ಲಿ ಪ್ರತಿ ವರ್ಷ ಹತ್ತಕ್ಕೂ ಹೆಚ್ಚು ಜನ ಈ ಗಾಡಿಯಿಂದ ಸಾಯುತ್ತಿದ್ದರು. 2019ರಲ್ಲಿ ಸರಕಾರ ನಿಯಮ ಮಾಡಿತು. 2021ರ ಅಕ್ಟೋಬರಿನಿಂದ ಮಾರುವ ಹೊಸ ಕೃಷಿ ಕ್ವಾಡ್ ಬೈಕಿಗೆ ಸವಾರನ ಹಿಂದೆ ರಕ್ಷಣೆಯ ಕಮಾನು ಕಡ್ಡಾಯ. ಗಾಡಿ ಮಗುಚಿದರೂ ಪೂರ್ತಿ ಮೈಮೇಲೆ ಕೂರದಂತೆ ಅದು ತಡೆಯುತ್ತದೆ. ಕಮಾನಿನಿಂದಲೇ ಪೆಟ್ಟಾಗಬಹುದು, ಹೆಲ್ಮೆಟ್ ಮತ್ತು ತರಬೇತಿ ಮುಖ್ಯ ಎಂದು ಕೆಲವು ತಯಾರಕರು ವಾದಿಸಿದರು, ಅಲ್ಲಿ ಮಾರುವುದನ್ನೇ ಬಿಟ್ಟರು. ಬಹಳ ರೈತರು ಕಾರಿನಂತೆ ಸೀಟು, ಬೆಲ್ಟು, ಮೇಲೆ ಕಬ್ಬಿಣದ ಪಂಜರ ಇರುವ ಗಾಡಿಗೆ ಬದಲಾದರು.

ಅದೇ ನಿಯಮದಲ್ಲಿ ಇನ್ನೊಂದು ಅಳತೆ ಇದೆ. ಹಲಗೆಯ ಮೇಲೆ ಗಾಡಿಯನ್ನು ಅಡ್ಡಕ್ಕೆ ವಾಲಿಸಿದಾಗ, ಮೀಟರಿಗೆ 55 ಸೆಂ.ಮೀ. ಇಳಿತ ಬರುವವರೆಗೂ ಅದು ಮಗುಚಬಾರದು. ಇದು ಸುಮಾರು 29 ಡಿಗ್ರಿ.

ನಿಮ್ಮ ಹೊಲ ಅಳೆಯುವುದು

ಒಂದು ಮೀಟರ್ ಉದ್ದದ ನೆಟ್ಟಗಿನ ಕೋಲು ತಗೊಳ್ಳಿ. ಒಂದು ತುದಿಯನ್ನು ಇಳಿಜಾರಿನ ಮೇಲ್ಗಡೆ ನೆಲಕ್ಕೆ ತಾಗಿಸಿ. ಕೋಲಿನ ಮೇಲೆ ಅರ್ಧ ನೀರಿನ ಬಾಟಲಿ ಮಲಗಿಸಿ ಮಟ್ಟ ನೋಡಿಕೊಳ್ಳಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಸೆಂ.ಮೀ. ಇದೆ ಅಳೆಯಿರಿ.

27 ಸೆಂ.ಮೀ. ಬಂತು ಅನ್ನಿ. ಅದು 15 ಡಿಗ್ರಿ. "ಅರ್ಧವೇ ಆಯ್ತಲ್ಲ, ಭಯ ಇಲ್ಲ" ಅನ್ನಿಸುತ್ತದೆ. ಈಗ ಲೆಕ್ಕ ಮುಂದುವರಿಸಿ. ಎಡ ಬಲ ಚಕ್ರಗಳ ನಡುವೆ 90 ಸೆಂ.ಮೀ. ಇದೆ ಎಂದು ಇಟ್ಟುಕೊಳ್ಳಿ. ಮೇಲಿನ ಚಕ್ರಗಳು 15 ಸೆಂ.ಮೀ. ಕಲ್ಲುಬದು ಹತ್ತಿದವು. ಕೆಳಗಿನ ಚಕ್ರಗಳು 10 ಸೆಂ.ಮೀ. ಕೊರಕಲಿಗೆ ಇಳಿದವು. ಒಟ್ಟು 25 ಸೆಂ.ಮೀ. ವ್ಯತ್ಯಾಸ, ಅಂದರೆ ಇನ್ನೂ ಸುಮಾರು 16 ಡಿಗ್ರಿ. ಎರಡೂ ಸೇರಿ ಸುಮಾರು 31 ಆಯಿತು. ಹಲಗೆಯ ಮೇಲಿನ ಮಿತಿಯೂ ದಾಟಿತು. ಟ್ಯಾಂಕಿನ ನೀರು, ತಿರುವಿನ ಎಳೆತ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ನಮ್ಮ ಕಲ್ಲು ಹೊಲಗಳಲ್ಲಿ ಬದು, ಕೊರಕಲು ಹೆಜ್ಜೆ ಹೆಜ್ಜೆಗೂ ಇರುತ್ತವೆ.

ಓಡಿಸುವವರು ಗಮನಿಸಬೇಕಾದ್ದು

ಇಳಿಜಾರಿಗೆ ಅಡ್ಡ ಹೋಗುವುದು ತಪ್ಪಿಸಿ. ಹತ್ತುವಾಗ ಮೈ ಮುಂದೆ, ಇಳಿಯುವಾಗ ಮೈ ಹಿಂದೆ, ಕೆಳ ಗೇರಿನಲ್ಲೇ ಇಳಿಯಿರಿ. ಟ್ರೇಲರನ್ನು ಹಿಂಬದಿಯ ಕೊಂಡಿಗೇ ಕಟ್ಟಬೇಕು. ಮೇಲಿನ ಚೌಕಟ್ಟಿಗೆ ಹಗ್ಗ ಕಟ್ಟಿ ಎಳೆದರೆ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ. ಹೆಲ್ಮೆಟ್ ಬೇಕೇ ಬೇಕು. ದೊಡ್ಡವರ ಗಾಡಿಯನ್ನು 16 ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ. ಮನೆಯಲ್ಲಿ ಯಾವ ಹೊಲಕ್ಕೆ ಹೊರಟೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿಯೇ ಹೊರಡಿ.

ನಮಗೆ ಬೇಕೇ?

ಅಲ್ಲಿನವರ ಜಮೀನು ನೂರಾರು ಎಕರೆ. ಬೇಲಿ ಸುತ್ತಿ ಬರಲು ದಿನವೇ ಬೇಕು, ಅವರಿಗೆ ಗಾಡಿ ಗಿಟ್ಟುತ್ತದೆ. ನಾಲ್ಕೈದು ಎಕರೆಯವನಿಗೆ ಅದೇ ದುಡ್ಡಿನಲ್ಲಿ ಬದು ಗಟ್ಟಿ ಮಾಡಿ, ಹೊಲಕ್ಕೆ ಗಾಡಿದಾರಿ ಕಡಿಸಿಕೊಳ್ಳುವುದು ಲಾಭ ಎನ್ನುವುದು ನನ್ನ ಅಭಿಪ್ರಾಯ. ಗುಡ್ಡದ ತೋಟ, ದೊಡ್ಡ ಹಿಂಡು ಇರುವವರು ಕೊಳ್ಳುವುದಾದರೆ ಮೂರು ಪ್ರಶ್ನೆ ಕೇಳಿ: ರಸ್ತೆಗೆ ನೋಂದಣಿ ಆಗುತ್ತದೆಯೇ? ಬಿಡಿಭಾಗ ಹತ್ತಿರ ಸಿಗುತ್ತದೆಯೇ? ರಕ್ಷಣೆಯ ಕಮಾನು ಹಾಕಿ ಕೊಡುತ್ತಾರೆಯೇ?

ಕೋಲಿನ ಅಳತೆ ಮಾತ್ರ ಟ್ರ್ಯಾಕ್ಟರ್, ಟಿಲ್ಲರ್ ಇರುವವರೂ ಮಾಡಿ ನೋಡಿ. ಒಂದೊಂದು ಗಾಡಿಯ ಮಿತಿ ಬೇರೆ ಬೇರೆ. ಆದರೆ ಕಲ್ಲು, ಕೊರಕಲು, ಹೊರೆ ಸೇರಿದಾಗ ಮಿತಿ ಬೇಗ ಬರುತ್ತದೆ ಎನ್ನುವುದು ಎಲ್ಲಕ್ಕೂ ಒಂದೇ. ಈ ಗಾಡಿಯನ್ನು ನಮ್ಮ ನೆಲದಲ್ಲಿ ಓಡಿಸಿದವರಿದ್ದರೆ ಖರ್ಚು, ಕೆಲಸ, ತೊಂದರೆ ಮೂರನ್ನೂ ಬರೆದು ತಿಳಿಸಿರಿ.