ಊರ ಕೊಳಚೆ ಮತ್ತು ಕೃಷ್ಣೆಯ ಉಸಿರು

ನಾವು ಸ್ನಾನ ಮಾಡಿ, ಪಾತ್ರೆ ತೊಳೆದು, ಬಟ್ಟೆ ಒಗೆದು ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆ? ಮನೆಯ ಮೋರಿಯಿಂದ ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಸಾಂಗ್ಲಿಯ ಕೊಳಚೆಯನ್ನು ಹೊತ್ತು ಕೃಷ್ಣೆಯನ್ನು ಸೇರುವ ಶೇರಿ ನಾಲಾ ಈ ಭಾಗದವರಿಗೆಲ್ಲ ಪರಿಚಿತ. 1998ರಲ್ಲಿ ಸಾಂಗ್ಲಿ, ಮಿರಜ, ಕುಪವಾಡಗಳು ಸೇರಿ ಒಂದೇ ಮಹಾನಗರಪಾಲಿಕೆಯಾದವು. ಊರು ಬೆಳೆದಂತೆ ಕೊಳಚೆಯೂ ಬೆಳೆಯಿತು.

ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯನ್ನು ಹರಿಪುರದಲ್ಲಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಕೂಡಿಕೊಳ್ಳುತ್ತವೆ. ಮುಂದೆ ನದಿ ಬೆಳಗಾವಿ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಯಡೂರು, ಕುಡಚಿಯಂಥ ದಡದ ಊರುಗಳಿಗೆ ಇದೇ ನೀರು ಹರಿದುಹೋಗುತ್ತದೆ. ಮೇಲಿನವರು ಚೆಲ್ಲಿದ್ದು ಕೆಳಗಿನವರ ಕೊಡಕ್ಕೆ ಬರುತ್ತದೆಂಬುದನ್ನು ನಾವು ಮರೆಯಬಾರದು.

ಹೊಳೆಯ ಉಸಿರು

ಮೀನುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಉಸಿರಾಡುತ್ತವೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಕೊಳಚೆಯಲ್ಲಿರುವ ಹೊಲಸನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸುವಾಗ ಈ ಆಮ್ಲಜನಕ ಖರ್ಚಾಗುತ್ತದೆ. ಹೊಲಸು ಹೆಚ್ಚಾದರೆ ಮೀನುಗಳಿಗೆ ಉಸಿರು ಉಳಿಯುವುದಿಲ್ಲ. 2023ರ ಮಾರ್ಚ್ ತಿಂಗಳಲ್ಲಿ ಸಾಂಗ್ಲಿಯ ಬಳಿ ಕೃಷ್ಣೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಆ ದೃಶ್ಯ ನಮಗೆಲ್ಲ ಎಚ್ಚರಿಕೆಯಾಗಬೇಕು.

ಶುದ್ಧೀಕರಣದ ಕ್ರಮ

ಕೊಳಚೆ ಶುದ್ಧೀಕರಣ ಕೇಂದ್ರದಲ್ಲಿ ಮೊದಲು ಕಬ್ಬಿಣದ ಜಾಲರಿಯು ಚಿಂದಿ, ಕಡ್ಡಿ, ಪ್ಲಾಸ್ಟಿಕ್‌ಗಳನ್ನು ತಡೆಯುತ್ತದೆ. ಬಳಿಕ ಉಸುಕು ತಳಕ್ಕೆ ಇಳಿಯುತ್ತದೆ. ಮೂರನೆಯ ಹಂತದಲ್ಲಿ ತೊಟ್ಟಿಯೊಳಗೆ ಯಂತ್ರದಿಂದ ಗಾಳಿಯನ್ನು ಊದುತ್ತಾರೆ. ಆಗ ಸೂಕ್ಷ್ಮಜೀವಿಗಳು ಬೇಗ ಬೆಳೆದು ಹೊಲಸನ್ನು ತಿನ್ನುತ್ತವೆ. ಅವುಗಳ ರಾಡಿ ಕೆಳಗೆ ಕುಳಿತ ಮೇಲೆ ತಿಳಿನೀರಿಗೆ ಕ್ಲೋರಿನ್ ಬೆರೆಸಿ ರೋಗಾಣುಗಳನ್ನು ಕೊಲ್ಲುತ್ತಾರೆ. ಅಂದರೆ ಹೊಳೆಯಲ್ಲಿ ನಡೆಯಬೇಕಾಗಿದ್ದ ಕೆಲಸವೇ ಇಲ್ಲಿ ತೊಟ್ಟಿಯಲ್ಲಿ ನಡೆಯುತ್ತದೆ; ಖರ್ಚಾಗುವುದು ಹೊಳೆಯ ಆಮ್ಲಜನಕವಲ್ಲ, ಯಂತ್ರ ಊದಿದ ಗಾಳಿಯದು. ವಿದ್ಯುತ್ತು ನಿಂತರೆ ಆ ಕೆಲಸವೂ ನಿಲ್ಲುತ್ತದೆ.

ಒಂದು ಚಿಕ್ಕ ಲೆಕ್ಕ

ಒಂದು ಲೀಟರ್ ನೀರಿನ ಹೊಲಸನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕಕ್ಕೆ 'ಜೈವಿಕ ಆಮ್ಲಜನಕ ಬೇಡಿಕೆ' ಎನ್ನುತ್ತಾರೆ. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಇದು 3 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮ. ಹೊಳೆಯ ನೀರಿನಲ್ಲಿ ಬೇಡಿಕೆ 2 ಇದೆಯೆಂದು ತಿಳಿಯೋಣ. ಆಗ ಪ್ರತಿ ಕೊಡ ಹೊಳೆ ನೀರಿಗೆ ಇನ್ನು 1ರಷ್ಟನ್ನು ಮಾತ್ರ ತಾಳಿಕೊಳ್ಳುವ ಶಕ್ತಿ ಇದೆ.

ಹಸಿ ಕೊಳಚೆಯ ಬೇಡಿಕೆ 200 ಎಂದು ಹಿಡಿದರೆ, ಅದು ಮಿತಿಗಿಂತ 197 ಹೆಚ್ಚು. ಆದ್ದರಿಂದ ಒಂದು ಕೊಡ ಕೊಳಚೆಗೆ 197 ಕೊಡ ಹೊಳೆ ನೀರು ಬೇಕು! ಶುದ್ಧೀಕರಿಸಿ ಬೇಡಿಕೆಯನ್ನು 30ಕ್ಕೆ ಇಳಿಸಿದರೆ 27 ಕೊಡ ಸಾಕು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಈ ಲೆಕ್ಕ ಹೇಗೋ ಸರಿಹೋದೀತು. ಬೇಸಿಗೆಯಲ್ಲಿ? ಆಗ ಹೊಳೆಯಲ್ಲಿ ನೀರೂ ಕಡಿಮೆ, ಬಿಸಿ ನೀರು ಹಿಡಿಯುವ ಆಮ್ಲಜನಕವೂ ಕಡಿಮೆ. ಆದರೆ ಊರ ಕೊಳಚೆ ಮಾತ್ರ ಕಡಿಮೆಯಾಗುವುದಿಲ್ಲ.

ನಮ್ಮ ಕರ್ತವ್ಯ

ಜಲಮಾಲಿನ್ಯ ತಡೆಯುವ ಕಾಯಿದೆ 1974ರಲ್ಲಿಯೇ ಬಂದಿದೆ. ಶುದ್ಧೀಕರಣ ಕೇಂದ್ರ ಕಟ್ಟುವುದು, ಅದನ್ನು ದಿನವೂ ನಡೆಸುವುದು ಪಾಲಿಕೆಯ ಹೊಣೆ. ಆ ಕೇಂದ್ರ ನಡೆಯುತ್ತಿದೆಯೇ ಎಂದು ವಿಚಾರಿಸುವುದು ಪಾಲಕರ ಹಕ್ಕು. ಉಳಿದ ಎಣ್ಣೆಯನ್ನು ಮೋರಿಗೆ ಸುರಿಯದಿರುವುದು, ಗಟಾರಕ್ಕೆ ಪ್ಲಾಸ್ಟಿಕ್ ಎಸೆಯದಿರುವುದು, ದೇವರ ನಿರ್ಮಾಲ್ಯವನ್ನು ಹೊಳೆಗೆ ಬಿಡದೆ ಗೊಬ್ಬರದ ಗುಂಡಿಗೆ ಹಾಕುವುದು ನಮ್ಮೆಲ್ಲರಿಂದ ಆಗುವ ಕೆಲಸ.

ನಾವು ಕೃಷ್ಣೆಯನ್ನು ತಾಯಿ ಎನ್ನುತ್ತೇವೆ. ಗಡಿ ದಾಟಿದ ಮೇಲೂ ಆಕೆ ತಾಯಿಯೇ. ಕೆಳಗಿನ ಊರಿನ ಮಕ್ಕಳಿಗೆ ಅವಳನ್ನು ಉಸಿರಿರುವಂತೆ ಕಳಿಸಿಕೊಡೋಣ.